ರಕ್ಷಣೆ (ಪಾಪದಿಂದ ಬಿಡುಗಡೆ) ಉಚಿತ ಅಂದ ಮೇಲೆ ಯೇಸುವಿನ ಶಿಷ್ಯನಾಗಲು ‘ಬೆಲೆ ತೆರಬೇಕು’ ಅನ್ನುವುದೇಕೆ?

ಎರಡೂ ನಿಜ. ದೇವರ ಕೃಪೆಯನ್ನು ಕೊಂಡುಕೊಳ್ಳಲಾಗದು, ಆದರೆ ಅದನ್ನು ಪಡೆದವನ ಬದುಕು ಮೊದಲಿನಂತೆ ಉಳಿಯುವುದಿಲ್ಲ. ಬೈಬಲಿನಲ್ಲಿ ಲೂಕನ ಸುವಾರ್ತೆಯ 14ನೇ ಅಧ್ಯಾಯ ನೋಡಿ. ಹಿಂದೆ ಬಂದ ಜನಜಂಗುಳಿಯನ್ನು ಕಂಡು ಯೇಸು ಹಿಗ್ಗಲಿಲ್ಲ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುವುದಿಲ್ಲವೇ ಎಂದು ಕೇಳಿದ. ಅಡಿಪಾಯಕ್ಕೇ ದುಡ್ಡು ಮುಗಿದರೆ ನೋಡಿದವರು ನಗುತ್ತಾರೆ.

ಅದೇ ಅಧ್ಯಾಯದಲ್ಲಿ ಯೇಸು ಹೇಳುವ ‘ಶಿಲುಬೆ ಹೊರುವುದು’ ಅಂದರೆ ಸೊಂಟನೋವನ್ನೋ ಸಿಡುಕಿನ ಅತ್ತೆಯನ್ನೋ ಸಹಿಸಿಕೊಳ್ಳುವುದು ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಅಂದಿನ ಕೇಳುಗರಿಗೆ ಅದು ರೋಮನ್ನರ ಮರಣದಂಡನೆ. ಹೊತ್ತು ಹೊರಟವನು ಮನೆಗೆ ಮರಳುವುದಿಲ್ಲ. ಆದರೆ ಅಲ್ಲೇ ಬರುವ, ತಂದೆತಾಯಿಯನ್ನು ‘ಹಗೆಮಾಡು’ ಎಂಬ ಮಾತಿನ ಅರ್ಥ ದ್ವೇಷವಲ್ಲ. ಮತ್ತಾಯ 10:37 ಅದನ್ನೇ ‘ನನಗಿಂತ ಹೆಚ್ಚಾಗಿ ಪ್ರೀತಿಸುವವನು’ ಎಂದು ಬಿಡಿಸುತ್ತದೆ.

ಹೀಗೆ ಬೆಲೆ ತೆತ್ತವರಲ್ಲಿ ನನಗೆ ಥಟ್ಟನೆ ನೆನಪಾಗುವುದು ನಾಜಿಗಳನ್ನು ವಿರೋಧಿಸಿದ ಜರ್ಮನಿಯ ಪಾದ್ರಿ ಡೀಟ್ರಿಶ್ ಬಾನ್‌ಹಾಫರ್. ಪಶ್ಚಾತ್ತಾಪವಿಲ್ಲದ ಕ್ಷಮೆಯನ್ನು ಆತ ‘ಅಗ್ಗದ ಕೃಪೆ’ ಎಂದು ಕರೆದ. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಸುರಕ್ಷಿತವಾಗಿದ್ದವನು, ತನ್ನ ಜನರ ಸಂಕಟದಲ್ಲಿ ಪಾಲುಗೊಳ್ಳದಿದ್ದರೆ ಯುದ್ಧದ ನಂತರ ಅವರ ನಡುವೆ ಸೇವೆ ಮಾಡುವ ಹಕ್ಕು ತನಗಿರದು ಎಂದು ಕೆಲವೇ ವಾರಗಳಲ್ಲಿ ಹಡಗು ಹತ್ತಿ ವಾಪಸಾದ. 1943ರಲ್ಲಿ ಬಂಧನ. 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬರ್ಗ್ ಶಿಬಿರದಲ್ಲಿ ನಾಜಿಗಳು ಗಲ್ಲಿಗೇರಿಸಿದಾಗ ಅವನಿಗೆ 39 ವರ್ಷ.