ಮುಖ್ಯೋಪಾಧ್ಯಾಯರಿಗೆ ಕನ್ನಡದಲ್ಲೇ ಒಂದು ಅರ್ಜಿ

ಪ್ರಶ್ನೆ: ನಮ್ಮದು ಬದಿಯಡ್ಕ ಸಮೀಪದ ಹಳ್ಳಿ, ಮನೆಮಾತು ತುಳು. ಒಂಬತ್ತು ವರ್ಷದ ಮಗಳು ಅನುದಾನಿತ ಕನ್ನಡ ಮಾಧ್ಯಮ ಶಾಲೆಯಲ್ಲಿ ನಾಲ್ಕನೇ ತರಗತಿಯಲ್ಲಿದ್ದಾಳೆ. ಕೇಳಿದ ಕಥೆಯನ್ನು ಒಂದು ಮಾತೂ ಬಿಡದೆ ಹೇಳುತ್ತಾಳೆ, ಅಂಗಡಿಯ ಲೆಕ್ಕವನ್ನು ಬಾಯಲ್ಲೇ ಮಾಡುತ್ತಾಳೆ. ಪುಸ್ತಕ ಹಿಡಿದರೆ ಮಾತ್ರ ಒಂದು ಸಾಲು ಮುಗಿಯುವಷ್ಟರಲ್ಲಿ ಕಣ್ಣಲ್ಲಿ ನೀರು. ‘ಅಕ್ಕ’ ಎಂಬುದು ‘ಅಕ’ ಆಗುತ್ತದೆ, ‘ಪಟ’ ಎಂಬುದು ‘ಷಟ’ ಆಗುತ್ತದೆ. ಶಾಲೆಯಲ್ಲಿ ವಿಚಾರಿಸಿದರೆ ಮೊದಲು ‘ಉದಾಸೀನ’ ಎಂದರು. ಮತ್ತೆ ಕೇಳಿದಾಗ ‘ಸರ್ಟಿಫಿಕೇಟ್ ತನ್ನಿ, ಇಲ್ಲವಾದರೆ ವಿಶೇಷ ಶಾಲೆಗೆ ಸೇರಿಸಿ’ ಎಂದರು. ನನಗೆ ಮಲಯಾಳ ಬರೆಯಲು ಬಾರದು. ಹೆಚ್ಚು ಕೇಳಿದರೆ ಮಗುವಿಗೇ ತೊಂದರೆಯಾದೀತೆಂದು ಮನೆಯವರು ಹೆದರುತ್ತಾರೆ. ಏನು ಮಾಡಲಿ?
– ಓರ್ವ ತಾಯಿ, ಕಾಸರಗೋಡು ಜಿಲ್ಲೆ

ಉತ್ತರ: ನೀವು ಎರಡು ಸಲ ಕೇಳಿದಿರಿ, ಎರಡು ಸಲವೂ ಬಾಯಲ್ಲೇ ಕೇಳಿದಿರಿ; ಉತ್ತರವೂ ಬಾಯಲ್ಲೇ ಬಂತು. ಹಾಗಾಗಿ ನೀವು ಕೇಳಿದ್ದಕ್ಕೂ ಅವರು ಹೇಳಿದ್ದಕ್ಕೂ ಶಾಲೆಯ ಕಡತದಲ್ಲಿ ಒಂದಕ್ಷರದ ಗುರುತಿಲ್ಲ. ಈಗ ಆಗಬೇಕಾದದ್ದು ಒಂದು ಅರ್ಜಿ, ಅದೂ ಕನ್ನಡದಲ್ಲಿ. ಸರ್ಕಾರದ ಯಾವುದೇ ಅಧಿಕಾರಿಗೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಕನ್ನಡ ಮಾಧ್ಯಮ ಶಾಲೆಯ ಮುಖ್ಯೋಪಾಧ್ಯಾಯರಿಗಂತೂ ಮಲಯಾಳದಲ್ಲಿ ಬರೆಯುವ ಪ್ರಮೇಯವೇ ಇಲ್ಲ.

ಬರೆಯುವ ಮೊದಲು ಒಂದೆರಡು ವಿಷಯ ಸ್ಪಷ್ಟವಾಗಲಿ. ಕಣ್ಣು ಮತ್ತು ಕಿವಿಯ ಪರೀಕ್ಷೆ ಆಗಿರದಿದ್ದರೆ ಮೊದಲು ಅದನ್ನು ಮಾಡಿಸಿ. ನಮ್ಮ ಜಿಲ್ಲೆಯ ಮಕ್ಕಳಿಗೆ ಮನೆಯಲ್ಲಿ ತುಳು, ತರಗತಿಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಆಗಿರುವುದರಿಂದ ಓದಿನ ತೊಡಕನ್ನೆಲ್ಲ ‘ಭಾಷೆಯ ಗೊಂದಲ, ಬೆಳೆದ ಹಾಗೆ ಸರಿಹೋಗುತ್ತದೆ’ ಎಂದು ತಳ್ಳಿಹಾಕುವುದು ಸುಲಭ. ಹಾಗೆಯೇ, ಮಗು ಸರಿಯಾಗಿ ಕಲಿಯದ ಮಲಯಾಳದಲ್ಲಿ ಪರೀಕ್ಷೆ ಮಾಡಿ ಇಲ್ಲದ ನ್ಯೂನತೆಯನ್ನು ಹಚ್ಚುವ ಅಪಾಯವೂ ಇದೆ. ಕನ್ನಡ ಪಾಠವನ್ನು ನೀವೇ ಗಟ್ಟಿಯಾಗಿ ಓದಿ ಹೇಳಿ, ಪ್ರಶ್ನೆ ಕೇಳಿ ನೋಡಿ. ಆಗ ಸರಿಯಾಗಿ ಉತ್ತರಿಸುವವಳು ಅದೇ ಪಾಠವನ್ನು ತಾನು ಓದುವಾಗ ಎಡವಿದರೆ, ತೊಡಕು ಭಾಷೆಗಿಂತ ಹೆಚ್ಚಾಗಿ ಅಕ್ಷರದಲ್ಲಿದೆ. ‘ಪ’ಕ್ಕೂ ‘ಷ’ಕ್ಕೂ ಇರುವುದು ಹೊಟ್ಟೆಯೊಳಗಿನ ಒಂದು ಗೀಟಿನ ವ್ಯತ್ಯಾಸ, ಎರಡನೇ ತರಗತಿಯಲ್ಲಿ ಅದು ತಪ್ಪಿದರೆ, ಒತ್ತು ಬಿಟ್ಟುಹೋದರೆ ಯಾರೂ ಗಾಬರಿಯಾಗಬೇಕಿಲ್ಲ, ಆದರೆ ನಾಲ್ಕನೆಯದರಲ್ಲೂ ಅದೇ ಉಳಿದಿದ್ದರೆ ಬಲ್ಲವರು ಪರೀಕ್ಷಿಸಬೇಕು, ಮತ್ತು ಪರೀಕ್ಷಿಸುವವರಿಗೆ ಕನ್ನಡ ಓದಲು ಬರುತ್ತಿರಬೇಕು. ಇದನ್ನು ಅರ್ಜಿಯಲ್ಲೇ ಕೇಳಿ.

ಇನ್ನು ಶಾಲೆ ಕೇಳಿದ ವೈಕಲ್ಯದ ಸರ್ಟಿಫಿಕೇಟಿನ ಮಾತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ, ಅಂದರೆ ಓದು, ಬರಹ, ಲೆಕ್ಕದಂಥ ಕಲಿಕೆಯಲ್ಲಿ ಕಾಣುವ ತೊಡಕೂ, ಸೇರಿದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳಲ್ಲಿ ಇದನ್ನು ಆದಷ್ಟು ಬೇಗ ಪತ್ತೆ ಮಾಡಿ, ಅದಕ್ಕೆ ತಕ್ಕ ಬೋಧನಾ ಕ್ರಮ ಕೈಗೊಳ್ಳಬೇಕೆಂದು 16ನೇ ಸೆಕ್ಷನ್ ಹೇಳುತ್ತದೆ. ವೈಕಲ್ಯ ಕನಿಷ್ಠ ಶೇ 40 ಇರಬೇಕೆಂಬ ಷರತ್ತು ಆ ಸೆಕ್ಷನ್ನಿನಲ್ಲಿಲ್ಲ. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿದೆಯೆಂದು ಪ್ರಮಾಣಪತ್ರ ಸಿಕ್ಕ ಮಕ್ಕಳಿಗೂ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆಯನ್ನು 31ನೇ ಸೆಕ್ಷನ್ ಕೊಟ್ಟಿರುವುದು ಮಗುವಿಗೆ, ಶಾಲೆಗಲ್ಲ. ಪ್ರಮಾಣಪತ್ರ ಬೇಡವೆಂದು ನಾನು ಹೇಳುವುದಿಲ್ಲ. ಮುಂದೆ ಪರೀಕ್ಷೆಯ ರಿಯಾಯಿತಿಗಳಿಗೆ ಅದು ಬೇಕಾಗುತ್ತದೆ, ಅದರ ಕೆಲಸವನ್ನು ಈಗಲೇ ಆರಂಭಿಸಿ. ಅದು ಬರುವವರೆಗೆ ಪಾಠ ಕಾಯಬೇಕಾಗಿಲ್ಲ, ಅಷ್ಟೇ.

ಅರ್ಜಿ ಒಂದೇ ಪುಟದಲ್ಲಿರಲಿ. ‘ನನ್ನ ಮಗಳಿಗೆ ಸಹಾಯ ಮಾಡಿ’ ಎಂದಷ್ಟೇ ಬರೆದರೆ ‘ಮಾಡುತ್ತಿದ್ದೇವೆ’ ಎಂಬ ಉತ್ತರ ಬರುತ್ತದೆ. ಬದಲಿಗೆ, ‘ಸಮಗ್ರ ಶಿಕ್ಷಾ ಯೋಜನೆಯ ಬ್ಲಾಕ್ ಸಂಪನ್ಮೂಲ ಕೇಂದ್ರದ (ಬಿ.ಆರ್.ಸಿ.) ವಿಶೇಷ ಶಿಕ್ಷಕರಿಂದ ಮಗುವಿನ ಓದು ಬರಹವನ್ನು ಕನ್ನಡದಲ್ಲಿ ಪರಿಶೀಲಿಸಿ, ಅವಳಿಗೆಂದೇ ಒಂದು ಕಲಿಕಾ ಯೋಜನೆಯನ್ನು ಲಿಖಿತವಾಗಿ ತಯಾರಿಸಬೇಕೆಂದು ವಿನಂತಿ’ ಎಂದು ಬರೆಯಿರಿ. ಎಲ್ಲರೆದುರು ಗಟ್ಟಿಯಾಗಿ ಓದಿಸದಿರುವುದು, ಪ್ರಶ್ನೆಯನ್ನು ಓದಿ ಹೇಳುವುದು, ಪರಿಸರ ಪಾಠದ ಉತ್ತರವನ್ನು ಬಾಯಲ್ಲಿ ಕೇಳುವುದು, ಅಕ್ಷರ ತಪ್ಪಿಗೆ ಅಲ್ಲಿ ಅಂಕ ಕಳೆಯದಿರುವುದು – ಇವನ್ನು ಹೆಸರಿಸಿಯೇ ಕೇಳಿ. ಎರಡು ಪ್ರತಿ ಕೊಂಡುಹೋಗಿ, ಒಂದರ ಮೇಲೆ ತಾರೀಕು, ಸಹಿ ಮತ್ತು ಶಾಲೆಯ ಮೊಹರು ಹಾಕಿಸಿ ತನ್ನಿ. ಎರಡು ವಾರ ಕಳೆದರೂ ಉತ್ತರವಿಲ್ಲವಾದರೆ ಅದೇ ಪ್ರತಿಯ ನಕಲಿನೊಂದಿಗೆ ಸಹಾಯಕ ಶಿಕ್ಷಣಾಧಿಕಾರಿಯ (ಎ.ಇ.ಒ.) ಕಚೇರಿಗೆ ಬರೆಯಿರಿ. ಅಲ್ಲಿಯೂ ಆಗದಿದ್ದರೆ ತಿರುವನಂತಪುರದಲ್ಲಿ ಅಂಗವಿಕಲರ ರಾಜ್ಯ ಕಮಿಷನರ್ ಇದ್ದಾರೆ. ಹೆಚ್ಚಿನ ವಿಷಯಗಳು ಅಷ್ಟು ದೂರ ಹೋಗಬೇಕಾಗಿ ಬರುವುದಿಲ್ಲ.

ಮನೆಯವರ ಹೆದರಿಕೆ ಸುಳ್ಳಲ್ಲ. ಆದ್ದರಿಂದಲೇ ಅರ್ಜಿ ಕೊಡುವ ಹಿಂದಿನ ದಿನ ತರಗತಿಯ ಟೀಚರನ್ನು ಕಂಡು, ಇಂಥದ್ದು ಬರೆದಿದ್ದೇನೆ, ಇದು ನಿಮ್ಮ ಮೇಲಿನ ದೂರಲ್ಲ ಎಂದು ಓದಿ ತೋರಿಸಿ. ನಾನೂ ಮಾಷ್ಟ್ರಾಗಿದ್ದವನು, ‘ಉದಾಸೀನ’ ಎಂಬ ಪದವನ್ನು ಎಷ್ಟೋ ಮಕ್ಕಳಿಗೆ ಸಲೀಸಾಗಿ ಅಂಟಿಸಿದ್ದೇನೆ. ದ್ವೇಷದಿಂದಲ್ಲ, ಬೇರೆ ಪದ ಗೊತ್ತಿರಲಿಲ್ಲ. ಮುಖ್ಯೋಪಾಧ್ಯಾಯರಲ್ಲಿಗೆ ನೀವೊಬ್ಬರೇ ಹೋಗಬೇಡಿ, ಮನೆಯವರೂ ಜೊತೆಗಿರಲಿ. ಮಗಳ ಎರಡು ತಿಂಗಳ ನೋಟ್‌ಪುಸ್ತಕ ಕೈಯಲ್ಲಿರಲಿ, ಕೆಂಪು ಶಾಯಿಯ ಗುರುತುಗಳು ಹಾಗೆಯೇ ಇರಲಿ, ಏನನ್ನೂ ತಿದ್ದಿಸಬೇಡಿ.