ಬಸ್ ಇಳಿದ ಮೇಲಿನ ದಾರಿ

ಅಕ್ಕಾರ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಬೇರೆ ಓದುಗರಿಗಾಗಿ ಅದನ್ನು ಇಲ್ಲಿ ಚುಟುಕಾಗಿ ಹೇಳಿಬಿಡುತ್ತೇನೆ. ನಿಮ್ಮ ಮಗಳು ಹಳೇ ಬಾಗಲಕೋಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಮನೆ ನವನಗರದಲ್ಲಿ. ಬೆಳಗ್ಗೆ ಸಿಟಿ ಬಸ್ಸಿಗೆ ಹೋಗುತ್ತಾಳೆ. ರಾತ್ರಿ ಎಂಟೂವರೆಗೆ ಅಂಗಡಿ ಬಿಟ್ಟು ಬಂದರೆ ಬಸ್ ಹೋಗಿರುತ್ತದೆ, ಟಂಟಂ (ಶೇರ್ ಆಟೋ) ಹತ್ತಬೇಕು. ಹೋದ ತಿಂಗಳು ಟಂಟಂನಲ್ಲಿ ಪಕ್ಕ ಕೂತವನು ಬೇಕಂತಲೇ ಮೈಗೆ ಮೈ ತಾಗಿಸತೊಡಗಿದ. ಅವಳು ಅರ್ಧ ದಾರಿಯಲ್ಲೇ ಇಳಿದು ಕತ್ತಲಲ್ಲಿ ನಡೆದು ಮನೆ ಸೇರಿದಳು. ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ ಮಾಡಿದ ಶಕ್ತಿ ಯೋಜನೆಯನ್ನು ನಾವು ಹೊಗಳಿ ಬರೆದಿದ್ದನ್ನು ನೆನಪಿಸಿ ನೀವು ಕೇಳಿದ್ದೀರಿ: "ಫ್ರೀ ಕೊಟ್ರ ಆತೇನ್ರಿ? ಹೆಂಗಸರಿಗೆ ಬ್ಯಾರೆ ಬಸ್ ಬಿಡ್ರಿ ಅಂತ ಯಾಕ ಬರೆಯೂದಿಲ್ಲ?"

ಮೊದಲ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ, ತಪ್ಪೊಪ್ಪಿಗೆ ಇದೆ. 2023ರ ಜೂನ್ 11ಕ್ಕೆ ಶಕ್ತಿ ಶುರುವಾಯಿತು. ಕೂಡಲಸಂಗಮಕ್ಕೆ, ಬನಶಂಕರಿಗೆ ಹೊರಟ ಹೆಂಗಸರ ಫೋಟೋ ಹಾಕಿ ನಾವು ಖುಷಿಪಟ್ಟೆವು. ಆ ಖುಷಿ ಸುಳ್ಳಲ್ಲ. ಬಸ್ ಚಾರ್ಜಿಗೆ ಯಾರ ಮುಂದೆಯೂ ಕೈಯೊಡ್ಡದೆ ತವರಿಗೆ ಹೋಗಿ ಬರುವುದು ಸಣ್ಣ ಮಾತಲ್ಲ. ಆದರೆ ಅದೆಲ್ಲ ಹಗಲಿನ ಕಥೆ. ನಿಮ್ಮ ಮಗಳು ಹಗಲು ಜೀರೋ ಟಿಕೆಟ್‌ನಲ್ಲಿ ಹೋಗಿ, ರಾತ್ರಿ ದುಡ್ಡು ಕೊಟ್ಟು ಹೆದರಿಕೊಂಡು ಬರುತ್ತಾಳೆ. ಇದನ್ನು ನಾವು ನೋಡಲೇ ಇಲ್ಲ.

ಎರಡನೇ ಮಾತಿಗೆ ಮಾತ್ರ ನನ್ನ ತಕರಾರಿದೆ. ಹೆಂಗಸರಿಗೇ ಅಂತ ಬಸ್ ಬಿಟ್ಟರೆ ಎಷ್ಟು ಬಿಡುತ್ತಾರೆ? ಒಂದೋ ಎರಡೋ. ಅದು ತಪ್ಪಿಹೋಗಿ ಬೇರೆ ಬಸ್ಸಿನಲ್ಲಿ ಯಾರಾದರೂ ಕಾಡಿದರೆ, "ನಿಮ್ಮ ಬಸ್ ಇತ್ತಲ್ಲ, ಇದಕ್ಕ್ಯಾಕ ಹತ್ತಿದ್ರಿ?" ಎಂದು ನಮ್ಮನ್ನೇ ಕೇಳುತ್ತಾರೆ. ಅದರ ಬದಲು ಎಂಟರಿಂದ ಹತ್ತರ ನಡುವೆ ಇನ್ನೆರಡು ಮಾಮೂಲಿ ಬಸ್ ಓಡಲಿ. ಹತ್ತು ಹೆಂಗಸರು ಕೂತ ಬಸ್ಸಿಗೆ ಹನ್ನೊಂದನೆಯವಳು ಧೈರ್ಯವಾಗಿ ಹತ್ತುತ್ತಾಳೆ.

"ಆ ಹೊತ್ತಿಗೆ ಹೆಂಗಸರೇ ಬರಲ್ಲ" ಅನ್ನುವ ಉತ್ತರ ಬರಬಹುದು. ಜೀರೋ ಟಿಕೆಟ್ ಕೊಡುವ ಮಷಿನ್‌ನಲ್ಲಿ ಎಲ್ಲಿ ಹತ್ತಿದರು, ಎಲ್ಲಿಗೆ ಹೊರಟರು, ಎಷ್ಟು ಗಂಟೆಗೆ ಎಂಬುದೆಲ್ಲ ದಾಖಲಾಗುತ್ತದೆ. ಆ ಲೆಕ್ಕದ ಮೇಲೇ ಸರ್ಕಾರ ಸಾರಿಗೆಯವರಿಗೆ ಹಣ ತುಂಬಿಕೊಡುವುದು. (ಅಂದಮೇಲೆ "ಪುಕ್ಕಟೆ ಮಂದಿ" ಎಂದು ಯಾರಾದರೂ ಗೊಣಗಿದರೆ ತಲೆ ತಗ್ಗಿಸಬೇಡಿ.) ಜೀರೋ ಟಿಕೆಟ್ ಸಂಜೆ ಯಾವ ತಾಸಿಗೆ ಕಡಿಮೆಯಾಗುತ್ತದೆ, ಯಾವ ಸ್ಟಾಪಿನಲ್ಲಿ ಕಡಿಮೆಯಾಗುತ್ತದೆ ಎಂದು ಆ ಲೆಕ್ಕ ತೆಗೆದು ನೋಡಲಿ. ಆದರೆ ಕಡಿಮೆ ಕಂಡರೆ ಬಸ್ ಬೇಡ ಅಂತಲ್ಲ: ಹೆದರಿ ಮನೆಯಲ್ಲೇ ಉಳಿದವರು ಮಷಿನ್‌ನಲ್ಲಿ ಕಾಣುವುದಿಲ್ಲ. ಟಂಟಂ ಹತ್ತಿದವರೂ ಕಾಣುವುದಿಲ್ಲ.

ಇನ್ನು ಬಸ್ ಇಳಿದ ಮೇಲಿನ ದಾರಿ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕತ್ತಲ ನಡಿಗೆಯೇ. ಆಲಮಟ್ಟಿ ಹಿನ್ನೀರಿಗೆ ಮನೆ ಕಳೆದುಕೊಂಡವರಿಗಾಗಿ ನವನಗರ ಕಟ್ಟಿದರು. ಸೆಕ್ಟರ್ ಮಾಡಿದರು, ಅಗಲವಾದ ರಸ್ತೆ ಹಾಕಿದರು. ಹಳೇ ಊರಿನ ಓಣಿಯಲ್ಲಿ ರಾತ್ರಿ ಒಂಬತ್ತಕ್ಕೂ ಕಟ್ಟೆಯ ಮೇಲೆ ಯಾರೋ ಕೂತಿರುತ್ತಾರೆ. "ಯಾಕವಾ, ತಡಾ ಆತು?" ಎಂದು ಕೇಳುತ್ತಾರೆ. ಆ ಪ್ರಶ್ನೆ ಒಮ್ಮೊಮ್ಮೆ ಕಿರಿಕಿರಿಯೇ, ಆದರೆ ಅದೇ ಕಾವಲು ಕೂಡ. ಅಗಲ ರಸ್ತೆಯಲ್ಲಿ, ಕಾಂಪೌಂಡ್ ಗೋಡೆಗಳ ನಡುವೆ ಕೇಳುವವರು ಯಾರು? ಅಂಥ ಕಡೆ ಬೀದಿದೀಪ ಕೆಟ್ಟರೆ ಅದು ಬರೀ ದೀಪ ಕೆಟ್ಟ ಮಾತಲ್ಲ. ಸ್ಟಾಪ್‌ಗಳು ಚಹಾದಂಗಡಿ, ಮೆಡಿಕಲ್ ಶಾಪ್ ಹತ್ತಿರ ಇರಬೇಕು, ಖಾಲಿ ಪ್ಲಾಟಿನ ಮುಂದಲ್ಲ.

ಕೆನಡಾದ ಟೊರಾಂಟೊದಲ್ಲಿ 1991ರಲ್ಲೇ ಒಂದು ಪದ್ಧತಿ ತಂದರು. ರಾತ್ರಿ ಒಂಬತ್ತರಿಂದ ಬೆಳಗಿನ ಐದರವರೆಗೆ ಒಂಟಿ ಹೆಂಗಸು ಕೇಳಿದರೆ, ಎರಡು ಸ್ಟಾಪಿನ ನಡುವೆಯೂ ಬಸ್ ನಿಲ್ಲಿಸಬೇಕು. ನಮಗೂ ಇದೇನು ಹೊಸದಲ್ಲ ಬಿಡಿ. ಹಳ್ಳಿ ಬಸ್ಸಿನಲ್ಲಿ ಅಜ್ಜಿ "ತಮ್ಮಾ, ಇಲ್ಲೇ ತರುಬೋ" ಎಂದರೆ ಹೊಲದ ಬದುವಿಗೇ ನಿಲ್ಲುತ್ತದೆ. ನವನಗರದ ರಾತ್ರಿ ಬಸ್ಸಿಗೂ ಅದನ್ನೇ ನಿಯಮ ಮಾಡಿದರೆ ಹೊಸ ಬಸ್ ಬೇಡ, ಜಾಸ್ತಿ ದುಡ್ಡೂ ಬೇಡ.

ದೂರಿನ ವಿಷಯ. "ಓಡುವ ಗಾಡಿಯಾಗ ಆದದ್ದು, ಯಾವ ಠಾಣೆಗೆ ಹೋಗೂದು?" ಎಂದು ಕೇಳಿದ್ದೀರಿ. ಯಾವ ಠಾಣೆಗಾದರೂ ಹೋಗಿ. ಜೀರೋ ಟಿಕೆಟ್ ಎಲ್ಲರಿಗೂ ಗೊತ್ತು, ಜೀರೋ ಎಫ್‌ಐಆರ್ ಗೊತ್ತಿರುವವರು ಕಡಿಮೆ. "ಇದು ನಮ್ಮ ಹದ್ದಿಗೆ ಬರಲ್ಲ" ಎಂದು ವಾಪಸ್ ಕಳಿಸುವಂತಿಲ್ಲ. ಅವರು ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಬೇಡವಾದ ರೀತಿಯಲ್ಲಿ ಮೈಮುಟ್ಟಿ ಕಾಡುವುದು ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮಿನಡಿ ಅಪರಾಧ, 3 ವರ್ಷದವರೆಗೆ ಜೈಲಿದೆ. ಆ ಕ್ಷಣಕ್ಕೆ 112, ಆಮೇಲೆ ಮಾತಾಡಲು, ಸಲಹೆ ಕೇಳಲು 181. ಟಂಟಂ ಹತ್ತುವ ಮೊದಲು ನಂಬರಿನ ಫೋಟೋ ತೆಗೆದು ಮನೆಗೆ ಕಳಿಸಲು ಮಗಳಿಗೆ ಹೇಳಿ. ಇದನ್ನು ಬರೆಯುವಾಗ ನನಗೇ ಬೇಜಾರಾಗುತ್ತದೆ. ಕಾಡುವವನು ಅವನು, ಎಚ್ಚರಿಕೆಯ ಕೆಲಸವೆಲ್ಲ ಇವಳಿಗೆ. ಆದರೂ ಸದ್ಯಕ್ಕೆ ಬೇಕು, ಅಲ್ವಾ?

ಮುಂದಿನ ವಾರ ನಮ್ಮ ಇಬ್ಬರು ವರದಿಗಾರ್ತಿಯರು ಮೂರು ರಾತ್ರಿ ಆ ದಾರಿಯಲ್ಲಿ ಓಡಾಡಲಿದ್ದಾರೆ. ಯಾವ ಕಂಬದ ದೀಪ ಇಲ್ಲ ಎಂಬುದನ್ನು ಮಗಳೇ ತೋರಿಸಿದರೆ ಒಳ್ಳೆಯದು, ಹೆಸರು ಹಾಕುವುದಿಲ್ಲ. ಅರ್ಧ ತಾಸು ಮೊದಲು ಬಿಟ್ಟರೆ ಬಸ್ ಸಿಗುತ್ತದೆ ಎಂದೂ ನೀವು ಬರೆದಿದ್ದೀರಿ. ಹಾಗಾದರೆ ಅಂಗಡಿಯ ಮಾಲೀಕರನ್ನೂ ಕೇಳಬೇಕಾಯಿತು. ಕೇಳಬಹುದೋ ಬೇಡವೋ, ಮಗಳನ್ನು ವಿಚಾರಿಸಿ ತಿಳಿಸಿ.