ಕರ್ತೃವಿಲ್ಲದ ಆರೋಪಪಟ್ಟಿ

ಆತ್ಮೀಯರೆ,

ಕೊಪ್ಪದಿಂದ ನೀವು ಕಳುಹಿಸಿದ ‘ಪ್ರಜಾಪ್ರಭುತ್ವಕ್ಕೆ ದ್ರೋಹ ಬಗೆದವರಿಗೆ ಶಿಕ್ಷೆ ಯಾವಾಗ?’ ಎಂಬ ಲೇಖನ ತಲುಪಿತು. ವಿಷಯ ದೊಡ್ಡದು, ಭಾಷೆಯಲ್ಲಿ ಕಸುವಿದೆ, ಅಕ್ಷರ ದುಂಡಾಗಿದೆ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಒಂದು ಸಾಲಿನ ವಿಷಾದಪತ್ರದೊಂದಿಗೆ ಹಿಂದಿರುಗಿಸಲು ಮನಸ್ಸಾಗಲಿಲ್ಲ. ಲೇಖನದ ಒಂದು ದೋಷ ಎರಡು ದಿನಗಳಿಂದ ನನ್ನನ್ನು ಕಾಡುತ್ತಿದೆ.

ಮೂರನೆಯ ಪುಟದ ಈ ಸಾಲುಗಳನ್ನು ಗಟ್ಟಿಯಾಗಿ ಓದಿ ನೋಡಿ: ‘1975ರಲ್ಲಿ ತುರ್ತು ಪರಿಸ್ಥಿತಿಯನ್ನು ಹೇರಲಾಯಿತು. ಸಂವಿಧಾನವನ್ನು ತಿರುಚಲಾಯಿತು.’ ಹೇರಿದವರು ಯಾರು? ತಿರುಚಿದವರು ಯಾರು? ನಾಯಕರನ್ನು ಕಟಕಟೆಗೆ ತರಬೇಕೆಂದು ವಾದಿಸುವ ಬರಹದ ವಾಕ್ಯಗಳಲ್ಲಿ ಕರ್ತೃವೇ ಇಲ್ಲ.

ಮೊದಲ ಸಾಲನ್ನೇ ತೆಗೆದುಕೊಳ್ಳೋಣ. ಜೂನ್ 25ರ ರಾತ್ರಿ ಘೋಷಣೆಗೆ ಸಹಿ ಹಾಕಿದವರು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್. ಸಲಹೆ ಕೊಟ್ಟವರು ಪ್ರಧಾನಿ ಇಂದಿರಾ ಗಾಂಧಿ. ಸಚಿವ ಸಂಪುಟ ಸೇರಿ ಒಪ್ಪಿಗೆ ನೀಡಿದ್ದು ಮರುದಿನ ಬೆಳಿಗ್ಗೆ. ಈ ಮೂರೂ ಕಡೆಯ ಹೊಣೆ ಬೇರೆ ಬೇರೆ. ಅಧಿಕಾರದ ಕೃತ್ಯಗಳಿಗೆ ನ್ಯಾಯಾಲಯಕ್ಕೆ ಉತ್ತರಿಸಬೇಕಾಗಿಲ್ಲವೆಂಬ ರಕ್ಷಣೆಯನ್ನು ಸಂವಿಧಾನದ 361ನೆಯ ವಿಧಿ ರಾಷ್ಟ್ರಪತಿಗೆ ಕೊಟ್ಟಿದೆ, ಪ್ರಧಾನಿಗೆ ಅಂಥ ರಕ್ಷಣೆ ಇಲ್ಲ. ಸಂಪುಟದ ತೀರ್ಮಾನವು ಲಿಖಿತವಾಗಿ ಕೈಸೇರದೆ ರಾಷ್ಟ್ರಪತಿ ಇಂಥ ಘೋಷಣೆ ಹೊರಡಿಸುವಂತಿಲ್ಲವೆಂದು 44ನೆಯ ತಿದ್ದುಪಡಿ ಮುಂದೆ ವಿಧಿಸಿದ್ದು ಆ ರಾತ್ರಿಯ ಅನುಭವದಿಂದಲೇ. ‘ಹೇರಲಾಯಿತು’ ಎಂದ ಕೂಡಲೇ ಇಷ್ಟೂ ಮರೆಯಾಗುತ್ತದೆ. ಎರಡನೆಯ ಸಾಲೂ ಹಾಗೆಯೇ. ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯಗಳ ಕೈಗೆ ಎಟುಕದಂತೆ ಮಾಡಿದ 39ನೆಯ ತಿದ್ದುಪಡಿಯನ್ನು 1975ರ ಆಗಸ್ಟ್‌ನಲ್ಲಿ ಅಂಗೀಕರಿಸಿದ್ದು ಸಂಸತ್ತು. ಆ ಭಾಗವನ್ನು ನವೆಂಬರ್‌ನಲ್ಲಿ ರದ್ದುಪಡಿಸಿದ್ದು ಸುಪ್ರೀಂ ಕೋರ್ಟ್. ಚುನಾವಣಾ ಕಾಯ್ದೆಯನ್ನೂ ಸಂಸತ್ತು ಪೂರ್ವಾನ್ವಯವಾಗಿ ತಿದ್ದಿದ್ದರಿಂದ ಅದೇ ತೀರ್ಪು ಆಕೆಯ ಆಯ್ಕೆಯನ್ನು ಎತ್ತಿಹಿಡಿಯಿತು.

ಶಿವಮೊಗ್ಗದ ಒಂದು ಪತ್ರಿಕೆಯಲ್ಲಿ ನಾನು ಕೆಲಸ ಕಲಿಯುತ್ತಿದ್ದಾಗ, ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯ ಬಗ್ಗೆ ‘ಗೋಮಾಳವನ್ನು ಒತ್ತುವರಿ ಮಾಡಲಾಗಿದೆ’ ಎಂದು ವರದಿ ಬರೆದಿದ್ದೆ. ಹಿರಿಯ ಉಪಸಂಪಾದಕರೊಬ್ಬರು ಪ್ರತಿಯೊಂದು ‘ಲಾಗಿದೆ’ಗೂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಯಾರು?’ ಎಂದು ಬರೆದು, ಹಾಳೆಯನ್ನು ಅಚ್ಚುಮೊಳೆ ಜೋಡಿಸುವವರಿಗೆ ಕೊಡದೆ ನನಗೇ ಹಿಂದಿರುಗಿಸಿದರು. ಒತ್ತುವರಿ ಮಾಡಿದವರ ಹೆಸರು ನನಗೆ ಗೊತ್ತಿತ್ತು. ಅವರ ಮನೆಯ ಜಗುಲಿಯಲ್ಲಿ ಕಾಫಿ ಕುಡಿದು ಬಂದಿದ್ದೆ. ಹೆಸರು ಬರೆಯಬೇಕಾದರೆ ತಾಲ್ಲೂಕು ಕಚೇರಿಯಲ್ಲಿ ಪಹಣಿ ಮತ್ತು ಸರ್ವೆ ನಕ್ಷೆ ನೋಡಬೇಕಿತ್ತು. ಆ ಮಳೆಯಲ್ಲಿ ಮತ್ತೆ ಬಸ್ಸು ಹತ್ತಲು ಮನಸ್ಸಿಲ್ಲದೆ, ಧೈರ್ಯವೂ ಸಾಲದೆ, ‘ಲಾಗಿದೆ’ಯ ಮರೆಯಲ್ಲಿ ನಿಂತಿದ್ದೆ. ಮರುವಾರ ಹೋಗಿ ದಾಖಲೆ ನೋಡಿದಾಗ ನಾನು ಹೆಸರಿಸಬೇಕೆಂದಿದ್ದವರ ಪಾಲು ಅರ್ಧ ಎಕರೆಯೂ ಇರಲಿಲ್ಲ. ಹೆಚ್ಚಿನ ಭಾಗ ನಾನು ಊಹಿಸಿಯೂ ಇರದ ಬೇರೊಬ್ಬರ ಬೇಲಿಯೊಳಗಿತ್ತು.

ನಿಮ್ಮ ಏಳನೆಯ ಪುಟದಲ್ಲಿಯೂ ಇಂಥದ್ದೇ ಆಗಿದೆ, ಮತ್ತು ನನಗೆ ನಿಜವಾಗಿಯೂ ಸಿಟ್ಟು ಬಂದದ್ದು ಅಲ್ಲಿ: ‘ತುರ್ತು ಪರಿಸ್ಥಿತಿಯ ಅಪರಾಧಗಳಿಗಾಗಿ ಕೊನೆಗೂ ಆಕೆಯನ್ನು ಜೈಲಿಗೆ ಕಳುಹಿಸಲಾಯಿತು.’ ಕಳುಹಿಸಿದವರು ಯಾರೆಂದು ಹುಡುಕಿದ್ದರೆ ಈ ವಾಕ್ಯವನ್ನು ನೀವು ಬರೆಯುತ್ತಲೇ ಇರಲಿಲ್ಲ. 1977ರ ಅಕ್ಟೋಬರ್‌ನಲ್ಲಿ ಇಂದಿರಾ ಗಾಂಧಿಯವರನ್ನು ಸಿಬಿಐ ಬಂಧಿಸಿದ್ದು ಭ್ರಷ್ಟಾಚಾರದ ಆರೋಪದ ಮೇಲೆ. ಮರುದಿನವೇ ಮ್ಯಾಜಿಸ್ಟ್ರೇಟರು ಬಿಡುಗಡೆ ಮಾಡಿದರು. 1978ರ ಡಿಸೆಂಬರ್ 19ರಂದು ತಿಹಾರ್ ಜೈಲಿಗೆ ಕಳುಹಿಸಿದ್ದು ಲೋಕಸಭೆಯ ಬಹುಮತ. ಆಕೆಯ ಮಗ ಸಂಜಯ್ ಗಾಂಧಿಯ ಮಾರುತಿ ಕಂಪನಿಯ ಕುರಿತ ಸಂಸತ್ತಿನ ಪ್ರಶ್ನೆಗೆ ಮಾಹಿತಿ ಸಂಗ್ರಹಿಸುತ್ತಿದ್ದ ಅಧಿಕಾರಿಗಳಿಗೆ ಕಿರುಕುಳ ಕೊಟ್ಟ ಹಕ್ಕುಚ್ಯುತಿ ಅದಕ್ಕೆ ಕಾರಣವಾಗಿತ್ತು. ಅದೇ ನಿರ್ಣಯದಿಂದ ಸದನ ಆಕೆಯ ಸದಸ್ಯತ್ವವನ್ನೂ ಕಿತ್ತುಕೊಂಡಿತು. ಆ ಸದಸ್ಯತ್ವ ಎಲ್ಲಿಯದು? ನಿಮ್ಮದೇ ಜಿಲ್ಲೆಯ ಚಿಕ್ಕಮಗಳೂರು ಕ್ಷೇತ್ರದ್ದು. ಅಲ್ಲಿನ ಉಪಚುನಾವಣೆಯಲ್ಲಿ ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿ, ಇನ್ನೂ ಎರಡು ತಿಂಗಳೂ ಆಗಿರಲಿಲ್ಲ. 1981ರಲ್ಲಿ, ಬಹುಮತ ಬದಲಾದ ಮೇಲೆ, ಲೋಕಸಭೆಯೇ ಆ ನಿರ್ಣಯವನ್ನು ರದ್ದುಗೊಳಿಸಿತು.

ನಿಮ್ಮ ಲೇಖನ ಎದುರಿಸಬೇಕಾದ ಪ್ರಶ್ನೆ ಇಲ್ಲಿದೆ. ಜನರು ಆರಿಸಿದವರನ್ನು ರಾಜಕೀಯ ಎದುರಾಳಿಗಳ ಬಹುಮತ ಶಿಕ್ಷಿಸಿದರೆ ಅದು ನ್ಯಾಯವೇ? ನ್ಯಾಯಾಲಯವೇ ಶಿಕ್ಷಿಸಬೇಕೆಂದರೆ ಯಾವ ಕಾಯ್ದೆಯ ಅಡಿಯಲ್ಲಿ? ‘ಪ್ರಜಾಪ್ರಭುತ್ವಕ್ಕೆ ದ್ರೋಹ’ ಎಂಬ ಹೆಸರಿನ ಕಲಮು ನಮ್ಮ ದಂಡಸಂಹಿತೆಯಲ್ಲಿಲ್ಲ. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್ ಲಾಲ್ ಸಿನ್ಹಾ ಅವರು ರಾಯ್‌ಬರೇಲಿಯಿಂದ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುಗೊಳಿಸಿದ್ದು ಸರ್ಕಾರಿ ನೌಕರರ ನೆರವು ಪಡೆದ ಕಾರಣಕ್ಕೆ: ವೇದಿಕೆ ಕಟ್ಟಿಸಿದ್ದು, ಧ್ವನಿವರ್ಧಕಕ್ಕೆ ವಿದ್ಯುತ್ ಒದಗಿಸಿದ್ದು, ಪ್ರಧಾನಿ ಕಚೇರಿಯ ಅಧಿಕಾರಿಯಾಗಿದ್ದ ಯಶಪಾಲ್ ಕಪೂರರ ಸೇವೆ ಬಳಸಿದ್ದು. ಅಷ್ಟು ಸಣ್ಣ, ಅಷ್ಟು ಖಚಿತವಾದ ಕೃತ್ಯಗಳು ಕಾನೂನಿನ ಕೈಗೆ ಸಿಕ್ಕವು. ಸಾವಿರಾರು ಜನರನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟ ಆಡಳಿತದ ಬಗ್ಗೆ ತನಿಖೆ ನಡೆಸಿದ ಶಾ ಆಯೋಗ ವರದಿ ಕೊಟ್ಟಿತು (ನೀವು ‘ತೀರ್ಪು’ ಎಂದಿದ್ದೀರಿ, ಆಯೋಗಕ್ಕೆ ಆ ಅಧಿಕಾರವಿಲ್ಲ), ಸಂಸತ್ತು 1979ರಲ್ಲಿ ವಿಶೇಷ ನ್ಯಾಯಾಲಯಗಳ ಕಾಯ್ದೆ ಮಾಡಿತು, 1980ರಲ್ಲಿ ಮತದಾರರು ಇಂದಿರಾ ಗಾಂಧಿಯವರನ್ನೇ ಮರಳಿ ಅಧಿಕಾರಕ್ಕೆ ತಂದರು. ಮೊಕದ್ದಮೆಗಳು ಅಲ್ಲಿಗೇ ನಿಂತವು.

ಇಪ್ಪತ್ತು ಪುಟಗಳಲ್ಲಿ ‘ಲಾಯಿತು’ ಇರುವ ಕಡೆಯಲ್ಲೆಲ್ಲ ಪೆನ್ಸಿಲಿನಿಂದ ಗುರುತು ಹಾಕಿದ್ದೇನೆ. ಬೇರೆ ಭಾಗಗಳನ್ನು ಸದ್ಯ ಬದಿಗಿಟ್ಟು, 1978ರ ಆ ಚಳಿಗಾಲದ ಬಗ್ಗೆ ಮಾತ್ರ ಬರೆಯಿರಿ. ಆ ಉಪಚುನಾವಣೆಯಲ್ಲಿ ಮತ ಹಾಕಿದವರು ನಿಮ್ಮ ಊರಿನಲ್ಲಿ ಇನ್ನೂ ಇದ್ದಾರೆ. ತಾವು ಆರಿಸಿದ ಸದಸ್ಯೆಯನ್ನು ಸದನ ಹೊರಹಾಕಿದ ಸುದ್ದಿ ಕೇಳಿದ ದಿನ ಅವರಿಗೆ ಏನನ್ನಿಸಿತೆಂದು ಕೇಳಿಕೊಂಡು ಬನ್ನಿ. ಹೊಸ ಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿ.

ವಿಶ್ವಾಸದಿಂದ,
ಸಂಪಾದಕ, ಶಿವಮೊಗ್ಗ